ಫೈನಲ್ ಸೋತ ಮನೆಯಲ್ಲಿ ಸಕ್ಕರೆ ಕೇಳಿದ್ದು

ಲಿಂಗಸುಗೂರು

ಲಿಂಗಸುಗೂರಿನ ನನ್ನ ಮಾವನ ಮನೆಯಲ್ಲಿ ಕ್ರಿಕೆಟ್ ನೋಡಲು ನನಗೊಂದು ಕಾಯಂ ಜಾಗವಿದೆ. ಅದು ಕಿಟಕಿಯ ಹೊರಗೆ, ಕಟ್ಟೆಯ ಮೇಲೆ.

ಅಳಿಯನನ್ನು ಹೊರಗೆ ಕೂಡಿಸುತ್ತಾರೆಯೇ ಎಂದು ಕೇಳಬೇಡಿ. ನಮ್ಮ ದೇಶದಲ್ಲೇ ವಿಶ್ವಕಪ್ ನಡೆದಾಗ, ಮೊದಲ ಪಂದ್ಯದ ದಿನ, ನಾನು ಹೊಸ್ತಿಲು ದಾಟಿದ ಕೂಡಲೇ ಒಂದು ವಿಕೆಟ್ ಬಿತ್ತು. ಕೂರಲು ಜಾಗ ಹುಡುಕುವಷ್ಟರಲ್ಲಿ ಇನ್ನೊಂದು. ಮಾವ ಟಿವಿಯಿಂದ ಕಣ್ಣು ತೆಗೆಯದೆಯೇ ಅಂದರು: "ಅಳಿಯಂದ್ರ, ಹೊರಗ ಗಾಳಿ ಭಾಳ ಚಲೋ ಬೀಸಾಕತ್ತೈತಿ."

ಹೊರಗೆ ಹೋಗಿ ಕೂತೆ. ಅವತ್ತು ಗೆದ್ದೆವು. ಅಲ್ಲಿಂದ ಪ್ರತಿ ಪಂದ್ಯವನ್ನೂ ಕಿಟಕಿಯ ಸರಳುಗಳ ನಡುವಿನಿಂದ ನೋಡಿದೆ, ಪ್ರತಿ ಪಂದ್ಯವನ್ನೂ ಗೆದ್ದೆವು. ಫೈನಲ್ ದಿನ ನನ್ನೊಳಗಿನ ಪದವೀಧರ ಎದ್ದುಕೂತ. ನಮ್ಮಪ್ಪ ಪಾಮನಕಲ್ಲೂರಿನಲ್ಲಿ ಕುರಿ ಕಾದವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಹಾಸ್ಟೆಲಿನ ನೀರು ಸಾರು ಕುಡಿದು ಬಿ.ಎಸ್ಸಿ. ಕೃಷಿ ಮುಗಿಸಿದವನು. ನಾನು ಲಿಂಗಸುಗೂರಿನಲ್ಲಿ ಎಲ್ಲಿ ಕೂತರೆ ಅಹಮದಾಬಾದಿನಲ್ಲಿ ಏನಾದೀತು? ಹಾಗಂದುಕೊಂಡು ಒಳಗೆ ಹೋಗಿ, ಕುರ್ಚಿ ಎಳೆದು, ಕಾಲ ಮೇಲೆ ಕಾಲು ಹಾಕಿ ಕೂತೆ.

ಆಮೇಲೆ ಆದದ್ದು ನಿಮಗೆ ಗೊತ್ತು. ಅವತ್ತು ಮಾವನ ಮನೆಯಲ್ಲಿ ಮಾಡಿದ ಹೋಳಿಗೆ ಯಾರೂ ತಿನ್ನಲಿಲ್ಲ. ನಾನು ಮಾತ್ರ ಸ್ವಲ್ಪ ತಿಂದೆ. ಅದೂ ಈಗ ನನ್ನ ಮೇಲಿನ ಆರೋಪಗಳಲ್ಲಿ ಸೇರಿದೆ.

ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ಮರುವರ್ಷ ನಾನು ಜೋರ್ಡಾನಿಗೆ ಹೋದೆ. ಅಲ್ಲಿ ನನ್ನಂಥ ಇನ್ನೊಬ್ಬ ಅಪರಾಧಿಯನ್ನು ಕಂಡೆ.

ಮಸ್ಕಿ

ನಾನಿರುವುದು ಮಸ್ಕಿಯಲ್ಲಿ, ಕೆಲಸ ಸಿಂಧನೂರಿನಲ್ಲಿ. ಕಾಲುವೆ ನೀರು ಹರಿದೂ ಹರಿದೂ ಗದ್ದೆಗಳಲ್ಲಿ ಬೆಳ್ಳಗೆ ಉಪ್ಪು ಏಳುತ್ತದಲ್ಲ, ನಮ್ಮ ಕಡೆ ಸವಳು ಅನ್ನುತ್ತೇವೆ, ಆ ಮಣ್ಣನ್ನು ಪರೀಕ್ಷೆ ಮಾಡುವುದು ನನ್ನ ನೌಕರಿ. ಬಳಗಾನೂರು ಕಡೆಯ ರೈತರಿಗೆ "ನೀರು ಕಡಿಮಿ ಬಿಡ್ರಿ" ಎಂದು ಹೇಳುವುದು, ಅವರು "ಆತ್ರಿ ಸಾಹೇಬ್ರ" ಎಂದು ಇನ್ನಷ್ಟು ಬಿಡುವುದು, ಇಷ್ಟೇ. ಜೋರ್ಡಾನ್ ನದಿಯ ಕಣಿವೆಯಲ್ಲೂ ಇದೇ ಉಪ್ಪಿನ ಕಾಟ. ಅಲ್ಲಿ ತರಬೇತಿಗೆ ಬನ್ನಿ ಎಂದು ಕರೆ ಬಂತು.

ಅವ್ವನಿಗೆ ದೂರ ಎಂದರೆ ಹಟ್ಟಿ. ಅವಳ ತಮ್ಮ ಅಲ್ಲಿನ ಚಿನ್ನದ ಗಣಿಯಲ್ಲಿ ಪಾಳಿ ಮಾಡುತ್ತಿದ್ದ.

"ಹಟ್ಟಿ ದಾಟಿ ಹೋಗಬೇಕೇನೋ?" ಎಂದು ಕೇಳಿದಳು.

"ಹಟ್ಟಿ, ಸಮುದ್ರ, ಎಲ್ಲಾ ದಾಟಿ ಹೋಗಬೇಕು ಬೇ."

"ಹಂಗಾರ ರೊಟ್ಟಿ ಜಾಸ್ತಿ ಕಟ್ಟತೀನಿ."

ಕಟ್ಟಿದಳು. ಕಡಕ್ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಚಟ್ನಿ. ಜೊತೆಗೆ ನನಗೆ ಚಿಕ್ಕಂದಿನಿಂದ ಹೇಳುತ್ತ ಬಂದ ಬುದ್ಧಿಮಾತನ್ನೂ ಮತ್ತೊಮ್ಮೆ ಕಟ್ಟಿಕೊಟ್ಟಳು: "ಮಂದಿ ಮನ್ಯಾಗ ಚಾ ಕೊಟ್ರ ಗಬಕ್ನ ಕುಡೀಬ್ಯಾಡ. ಕೆಳಗ ಇಡು. ಬ್ಯಾಡ ಅನ್ನು. ಕುಡಿ ಕುಡಿ ಅಂತ ಅವ್ರು ಜುಲುಮಿ ಮಾಡಿದ ಮ್ಯಾಲ ಎತ್ತು. ಹಸಗೊಂಡು ಬಂದಾನ ಅನ್ನಬಾರದು."

ಡಿಗ್ರಿ ಬಂದ ಮೇಲೂ ನಾನು ತಪ್ಪದೆ ಪಾಲಿಸಿದ ವಿದ್ಯೆ ಇದೊಂದೇ.

ಅಮ್ಮಾನ್

ವಿಮಾನ ನಿಲ್ದಾಣದಲ್ಲಿ ನನ್ನ ಬ್ಯಾಗು ತೆರೆಸಿದರು. ಅಧಿಕಾರಿ ಕೆಂಪು ಚಟ್ನಿಯ ಡಬ್ಬಿ ಬಿಚ್ಚಿ ಮೂಸಿ ನೋಡಿ ಸೀನಿದ. ಪಕ್ಕದವನನ್ನು ಕರೆದ. ಅವನೂ ಸೀನಿದ. ಮೂರನೆಯವನು ಜಾಣ, ಮೂಸಲಿಲ್ಲ, ಬೆರಳು ಅದ್ದಿ ನೆಕ್ಕಿದ. ಕಣ್ಣಲ್ಲಿ ನೀರು ಬಂತು. ಎದೆಯ ಮೇಲೆ ಕೈಯಿಟ್ಟು ನನ್ನನ್ನು ಬಿಟ್ಟುಕೊಟ್ಟ. ಅಲ್ಲಿ ಎಲ್ಲದಕ್ಕೂ ಎದೆಯ ಮೇಲೆ ಕೈಯಿಡುತ್ತಾರೆ. ನಮಸ್ಕಾರಕ್ಕೂ ಅದೇ, ಸಾಕು ಅನ್ನಲಿಕ್ಕೂ ಅದೇ. ಇದು ಯಾವುದಕ್ಕೆಂದು ನಾನು ನಿಂತು ಕೇಳಲಿಲ್ಲ.

ಹೊರಗೆ ತರಬೇತಿ ಕೇಂದ್ರದ ರೀಮಾ ಕಾಯುತ್ತಿದ್ದಳು. ಕೃಷಿ ಓದಿದ ಹುಡುಗಿ, ಇಂಗ್ಲಿಷ್ ಬಲ್ಲವಳು. ಅಲ್ಲಿದ್ದಷ್ಟು ದಿನವೂ ನನ್ನ ಕಿವಿ ಬಾಯಿ ಎರಡೂ ಅವಳೇ. ಅಲ್ಲಿಯವರು ಅರಬ್ಬಿಯಲ್ಲಿ ಆಡಿದ ಮಾತು ರೀಮಾಳ ಇಂಗ್ಲಿಷ್ ದಾಟಿ ನನ್ನ ತಲೆಗೆ ಬರುವಷ್ಟರಲ್ಲಿ ನಮ್ಮೂರ ಮಾತೇ ಆಗಿರುತ್ತಿತ್ತು. ಹಾಗೆಯೇ ಬರೆಯುತ್ತೇನೆ.

ನನಗೆ ಅತ್ಯಂತ ಖುಷಿ ಕೊಟ್ಟದ್ದೆಂದರೆ, ಆ ದೇಶದಲ್ಲಿ ಕೃಷಿ ಪದವೀಧರರನ್ನು ಇಂಜಿನಿಯರ್ ಎಂದೇ ಕರೆಯುತ್ತಾರೆ. ರೀಮಾ ನನ್ನನ್ನು ಎಲ್ಲರಿಗೂ "ಇಂಡಿಯಾದ ಇಂಜಿನಿಯರ್" ಎಂದು ಪರಿಚಯಿಸಿದಳು. ಇಂಜಿನಿಯರಿಂಗ್ ಸೀಟು ಸಿಗದೆ ಕೃಷಿಗೆ ಬಂದವನು ನಾನು. ತಿದ್ದುವ ಗೋಜಿಗೆ ಹೋಗಲಿಲ್ಲ.

ಚಹಾ ಅಂಗಡಿಯಲ್ಲಿ ಗೋಡೆಯ ತುಂಬ ಅವರ ಫುಟ್‌ಬಾಲ್ ತಂಡದ ಫೋಟೊ. ಸುಮ್ಮನಿರಲಾರದೆ "ನಿಮ್ಮ ತಂಡ ಹ್ಯಾಂಗ ಆಡತೈತಿ?" ಎಂದು ರೀಮಾಳಿಂದ ಕೇಳಿಸಿದೆ. ಅಂಗಡಿಯವನು ಮೂರು ಬೆರಳು ಎತ್ತಿ ತೋರಿಸಿ ಒಳಗೆ ಹೋದ. ಡ್ರೈವರನನ್ನು ಕೇಳಿಸಿದೆ. ಅವನೂ ಸ್ಟೇರಿಂಗಿನಿಂದ ಕೈ ತೆಗೆದು ಮೂರು ಬೆರಳು ಎತ್ತಿದ. ನಾನು ಮತ್ತೆ ಕೇಳಲಿಲ್ಲ. ಆ ರಸ್ತೆಯಲ್ಲಿ ಅವನ ಎರಡು ಕೈಯೂ ಸ್ಟೇರಿಂಗಿನ ಮೇಲಿರುವುದು ನನಗೆ ಬೇಕಿತ್ತು.

ಆಮೇಲೆ ರೀಮಾ ಬಿಡಿಸಿ ಹೇಳಿದಳು. ಏಷ್ಯಾ ಕಪ್ಪಿನಲ್ಲಿ ಅವರ ತಂಡ ಹಿಂದೆಂದೂ ಫೈನಲ್ ಕಂಡಿರಲಿಲ್ಲ. ಯಾರೂ ಲೆಕ್ಕಕ್ಕಿಡದಿದ್ದ ತಂಡ ದೊಡ್ಡ ದೊಡ್ಡವರನ್ನು ಸೋಲಿಸಿ ಫೈನಲ್ ತಲುಪಿತು. ಎದುರಿಗೆ ಕತಾರ್, ಆಡಿದ್ದೂ ಕತಾರಿನಲ್ಲೇ. ಒಂದು ಗೋಲಿನಿಂದ ಹಿಂದಿದ್ದವರು ಸಮ ಮಾಡಿದರು. ಇಡೀ ದೇಶ ಬೀದಿಗಿಳಿದು ಕುಣಿಯಿತು. ಆಮೇಲೆ ಸೋತರು. ಕತಾರ್ ಹೊಡೆದ ಮೂರು ಗೋಲೂ ಪೆನಾಲ್ಟಿ, ಅಂದರೆ ತಪ್ಪಿಗೆ ದಂಡವಾಗಿ ಗೋಲ್ ಕೀಪರ್ ಒಬ್ಬನನ್ನೇ ಮುಂದೆ ನಿಲ್ಲಿಸಿ ಒದೆಯುವ ಒದೆತ. ಮೂರನ್ನೂ ಒದ್ದವನು ಒಬ್ಬನೇ. ಅದಾಗಿ ಇನ್ನೂ ವರ್ಷ ತುಂಬಿರಲಿಲ್ಲ.

"ನಮ್ಮಲ್ಲೂ ಹಿಂಗ ಒಂದ್ಸಲ ಆಗೈತಿ" ಅಂದೆ. ಕಟ್ಟೆಯ ವಿಷಯ ಹೇಳಲಿಲ್ಲ. ಇಂಜಿನಿಯರ್ ಆಗಿ ಇನ್ನೂ ಅರ್ಧ ದಿನವೂ ಆಗಿರಲಿಲ್ಲ.

ಕಣಿವೆ

ಅಮ್ಮಾನಿನಿಂದ ಕಣಿವೆಗೆ ಇಳಿಯುವ ರಸ್ತೆಯಲ್ಲಿ ಕಿವಿ ಗುಂಯ್ಗುಡುತ್ತದೆ. ಸಮುದ್ರಕ್ಕಿಂತ ಕೆಳಗಿನ ನೆಲ ಅದು. ಇಳಿದರೆ ಒಂದು ಕಾಲುವೆ, ಅದರ ಎರಡೂ ಕಡೆ ಟೊಮೆಟೊ, ಸೌತೆ, ಬಾಳೆ. ಬದುವಿನ ಮೇಲೆ ಬೆಳ್ಳಗೆ ಉಪ್ಪು. ಬಳಗಾನೂರಿಗೇ ಬಂದೆನೇನೋ ಅನ್ನಿಸಿತು. ವ್ಯತ್ಯಾಸ ಒಂದೇ: ಅಲ್ಲಿ ರೈತರು ನೀರು ಕಡಿಮೆ ಬಿಡುತ್ತಾರೆ. ಕಾಲುವೆಯಲ್ಲೇ ಇರುವುದಿಲ್ಲ.

ನಾನು ಉಳಿದದ್ದು ಅಬು ಯೂಸುಫ್ ಎಂಬವರ ತೋಟದಲ್ಲಿ. ಯೂಸುಫನ ಅಪ್ಪ ಎಂದು ಅರ್ಥ. ಅಲ್ಲಿ ಗಂಡಸನ್ನು ಹಿರಿಯ ಮಗನ ಹೆಸರು ಹಿಡಿದು ಕರೆಯುವುದೇ ಮರ್ಯಾದೆ. ನಮ್ಮ ಕಡೆ ಹೆಂಡತಿ ಗಂಡನನ್ನು ಹಾಗೆ ಕರೆದರೆ ಅಲ್ಲಿ ಊರೆಲ್ಲ ಕರೆಯುತ್ತದೆ.

ಹೋದ ಕೂಡಲೇ ಕಾಫಿ. ಕಿವಿಯಿಲ್ಲದ ಪುಟ್ಟ ಬಟ್ಟಲು, ತಳದಲ್ಲಿ ಒಂದು ಗುಟುಕು. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿ ಹಾಕಿದ ಬೇವಿನ ಕಷಾಯ. ಹೊಲದಲ್ಲಿ ನಿಂತೇ ಕೊಟ್ಟಿದ್ದರಿಂದ ಕೆಳಗಿಡಲು ಜಾಗವಿರಲಿಲ್ಲ, ಅವ್ವನ ಪಾಠ ನಡೆಯಲಿಲ್ಲ. ಕುಡಿದು ಬಟ್ಟಲು ಮುಂದೆ ಹಿಡಿದೆ. ಮತ್ತೆ ಸುರಿದರು. ಕೊಟ್ಟದ್ದನ್ನು ಬಿಡುವುದು ಹೇಗೆಂದು ಕುಡಿದೆ. ಮತ್ತೆ ಸುರಿದರು. ಅವರು ನನ್ನನ್ನು ಮೆಚ್ಚುಗೆಯಿಂದ ನೋಡತೊಡಗಿದರು, ನನ್ನ ಕೈ ನಡುಗತೊಡಗಿತು. ಕೈ ನಡುಗಿ ಬಟ್ಟಲು ಅಲ್ಲಾಡಿದ್ದೇ ತಡ, ಸುರಿಯುವುದು ನಿಂತಿತು.

"ಸಾಕು ಅನ್ನಾಕ ಬಟ್ಟಲಾ ಅಲ್ಲಾಡಿಸಬೇಕು" ಎಂದಳು ರೀಮಾ. "ನಿಮಗ ಗೊತ್ತೈತಿ ಅಂದ್ಕೊಂಡಿದ್ದೆ."

ಅರಬ್ಬರ ಕಾಫಿಯ ಬಗ್ಗೆ ತಿಳಿಯಬೇಕಾದ್ದೆಲ್ಲ ತಿಳಿಯಿತು ಎಂದು ನಾನು ತೀರ್ಮಾನಿಸಿದ್ದು ಅವತ್ತೇ.

ಬೆಳಗಿನ ತಿಂಡಿಗೆ ರೊಟ್ಟಿಯನ್ನು ಎಣ್ಣೆಗೆ ಅದ್ದಿ, ಒಂದು ಹಸಿರು ಪುಡಿಗೆ ಒತ್ತಿ ತಿನ್ನುತ್ತಾರೆ. ನಾನು ನಮ್ಮ ಕಡೆಯ ಪುಡಿ, ಶೇಂಗಾ ಹಿಂಡಿ, ತೆಗೆದಿಟ್ಟೆ. ಅಬು ಯೂಸುಫ್ ಒಂದು ತುತ್ತು ತಿಂದು, ಡಬ್ಬಿಯನ್ನು ತಮ್ಮ ಕಡೆ ಸರಿಸಿಕೊಂಡು, ಸರಿದ ಡಬ್ಬಿಯ ಮೇಲೆ ಕೈಯಿಟ್ಟುಕೊಂಡೇ ಮಾತಾಡಿದರು.

ಅವರ ಮನೆಯ ಗೋಡೆಗೆ ಗೋಡೆಯಷ್ಟೇ ದೊಡ್ಡ ಟಿವಿ. ಅದಕ್ಕೆ ಬೆಡ್‌ಶೀಟ್ ಹೊದಿಸಿದ್ದರು. "ಕೆಟ್ಟೈತೇನು?" ಎಂದು ಕೇಳಿದೆ.

"ಟಿವಿ ಕೆಟ್ಟಿಲ್ಲ" ಎಂದರು. "ನನ್ನ ನಸೀಬ ಕೆಟ್ಟೈತಿ."

ನಸೀಬ ಅನ್ನುವ ಮಾತನ್ನು ಮಾತ್ರ ರೀಮಾ ತಿಳಿಸಬೇಕಿರಲಿಲ್ಲ. ಅದು ಅಲ್ಲೂ ನಸೀಬವೇ.

ಕಥೆ ಇಷ್ಟು. ಅಂಗಳದ ಆ ಕಡೆಯ ಮನೆ ಅವರ ಅಣ್ಣ ಅಬು ನಾಸರ್ ಅವರದು. ಆ ಕಪ್ಪಿನ ಫೈನಲ್ ತನಕದ ಎಲ್ಲ ಪಂದ್ಯಗಳನ್ನೂ ಎರಡೂ ಮನೆಯವರು ಅಣ್ಣನ ಹಳೇ ಟಿವಿಯಲ್ಲಿ ನೋಡಿದ್ದರು. ಪರದೆಯ ಮೇಲೆ ಅಡ್ಡಕ್ಕೆ ಒಂದು ಹಸಿರು ಗೆರೆ. ಅಣ್ಣ ತನ್ನ ದಿಂಬಿಗೆ ಒರಗಿ, ತಮ್ಮ ಬಾಗಿಲ ಪಕ್ಕ, ಮಗ ಯೂಸುಫ್ ನೆಲದ ಮೇಲೆ. ಯಾರೂ ಜಾಗ ಬದಲಿಸಲಿಲ್ಲ, ತಂಡ ಮುಂದೆ ಸಾಗುತ್ತಲೇ ಹೋಯಿತು. ಫೈನಲ್ಲಿಗೆ ತಮ್ಮ ಈ ಹೊಸ ಟಿವಿ ತಂದರು. ಅಣ್ಣ "ಬ್ಯಾಡಪಾ, ನಡೆದದ್ದನ್ನ ಕೆಣಕಬ್ಯಾಡ" ಅಂದರು. ತಮ್ಮ ನಕ್ಕು, ಎಲ್ಲರನ್ನೂ ತನ್ನ ಮನೆಗೆ ಎಳೆದುತಂದರು. ಮೂರನೇ ಪೆನಾಲ್ಟಿ ಆದಾಗ ಅಣ್ಣ ಜೊತೆಗೆ ತಂದಿದ್ದ ತನ್ನ ದಿಂಬು ಎತ್ತಿಕೊಂಡು ಹೊರಟುಹೋದರು. ಅವತ್ತಿನಿಂದ ಮಾತಿಲ್ಲ.

"ರೆಫ್ರಿ ಮ್ಯಾಲೆ ಸಿಟ್ಟು ಮಾಡ್ಕೋಬೇಕಿತ್ತು" ಅಂದೆ ನಾನು.

"ರೆಫ್ರಿ ದೂರ ಅದಾನ. ತಮ್ಮ ಅಂಗಳದಾಗ ಅದಾನ" ಎಂದರು ಅಬು ಯೂಸುಫ್.

ಮಾವನ ಮನೆಯ ಕಿಟಕಿಯ ಸರಳುಗಳು ಕಣ್ಣ ಮುಂದೆ ಬಂದವು.

ಇದು ಬರೀ ಮುನಿಸಾಗಿದ್ದರೆ ಆಗುತ್ತಿತ್ತು. ಬರುವ ಶುಕ್ರವಾರ ಯೂಸುಫನಿಗೆ ಹೆಣ್ಣು ಕೇಳಲು ಹೋಗುವುದಿತ್ತು. ಅಲ್ಲಿ ಮನೆತನದ ಗಂಡಸರೆಲ್ಲ ದಂಡು ಕಟ್ಟಿಕೊಂಡು ಹೋಗುತ್ತಾರೆ, ಹಿರಿಯನೇ ಬಾಯಿಬಿಟ್ಟು ಕೇಳಬೇಕು. ಒಮ್ಮೆ ಮುಂದೂಡಿ ಆಗಿತ್ತು. ಹೆಣ್ಣಿನ ಕಡೆಯವರು ಹೇಳಿ ಕಳಿಸಿದ್ದರು: ದೊಡ್ಡಪ್ಪನನ್ನು ಕರೆದುಕೊಂಡು ಬನ್ನಿ, ಇಲ್ಲವಾದರೆ ಬರಬೇಡಿ. ತಮ್ಮ ಬಂದು ಕರೆಯಲಿ ಎಂದು ಅಣ್ಣ ಕಾಯುತ್ತಿದ್ದರು. ಇವರಿಗೆ ಹೋಗಲು ಮುಖವಿರಲಿಲ್ಲ. ಯೂಸುಫ್ ಟೊಮೆಟೊ ಸಾಲುಗಳ ನಡುವೆ ಯಾರ ಜೊತೆಗೂ ಮಾತಾಡದೆ ನಡೆಯುತ್ತಿದ್ದ, ಕಿತ್ತ ಕಾಯಿಗಳಲ್ಲಿ ಅರ್ಧ ಹಸಿ.

ಅಂಗಳದ ಆ ಕಡೆ

ಓದಿದವನು ಇಂಥಲ್ಲಿ ಸುಮ್ಮನಿರಬಾರದು ಎಂದು ನಾನು ನಿರ್ಧರಿಸಿದೆ. ಅಣ್ಣನ ನಿಂಬೆ ತೋಟದ ಮಣ್ಣು ನೋಡುವ ನೆಪದಲ್ಲಿ ರೀಮಾಳ ಜೊತೆ ಅವರ ಮನೆಗೆ ಹೋದೆ. ಮನಸ್ಸಿನಲ್ಲಿ ಭಾಷಣ ತಯಾರಿತ್ತು: ಟಿವಿಯ ಅಗಲಕ್ಕೂ ಪೆನಾಲ್ಟಿಗೂ ಇರುವ ಸಂಬಂಧ, ವಿಜ್ಞಾನ ಏನು ಹೇಳುತ್ತದೆ, ಇಂಡಿಯಾದ ಅನುಭವವೇನು. ಇಂಡಿಯಾದ ಅನುಭವ ನನ್ನ ವಾದಕ್ಕೆ ವಿರುದ್ಧವಾಗಿತ್ತು, ಆ ಭಾಗ ಬಿಡುವುದೆಂದು ಮಾಡಿದ್ದೆ.

ಅಬು ನಾಸರ್ ಎತ್ತರದ ಆಳು, ಬಿಳಿ ಮೀಸೆ. ಆ ಹಸಿರು ಗೆರೆಯ ಟಿವಿ ಮೂಲೆಯಲ್ಲಿತ್ತು. ಪಕ್ಕದಲ್ಲಿ ಆ ದಿಂಬು. ನೆರೆಯ ಇಬ್ಬರು ಹಿರಿಯರೂ ಕೂತಿದ್ದರು. ಬಾಗಿಲ ಬಳಿ ಅಬು ನಾಸರ್ ಅವರ ಹೆಂಡತಿ ಉಮ್ ನಾಸರ್, ಅಂದರೆ ನಾಸರನ ತಾಯಿ, ದುಂಡನೆಯ ಮುಖದ, ಎಲ್ಲವನ್ನೂ ಗಮನಿಸುವ ಹೆಂಗಸು.

ಅಬು ನಾಸರ್ ಮೊದಲ ಬಟ್ಟಲನ್ನು ತಾವೇ ಕುಡಿದು, ಎರಡನೆಯದನ್ನು ಬಲಗೈಯಿಂದ ನನಗೆ ಕೊಟ್ಟರು. ಈ ಸಲ ಮುಂದೆ ಒಂದು ಸಣ್ಣ ಮೇಜಿತ್ತು. ಅವ್ವನ ಪಾಠ ನೆನಪಾಯಿತು. ಗಂಭೀರವಾಗಿ, ಹಸಿದು ಬಂದವನಲ್ಲ ಎಂದು ಎಲ್ಲರಿಗೂ ಗೊತ್ತಾಗುವಂತೆ, ಬಟ್ಟಲನ್ನು ಕೆಳಗಿಟ್ಟೆ.

ಮಾತು ನಿಂತಿತು. ಒಬ್ಬ ಹಿರಿಯರು ಕಾಲು ಮಡಚಿ ನೆಟ್ಟಗೆ ಕೂತರು. ಅಬು ನಾಸರ್ ನನ್ನನ್ನೇ ನೋಡಿದರು. ಜುಲುಮಿ ಶುರುವಾಗಲಿ ಎಂದು ನಾನು ನಗುತ್ತ ಕಾದೆ. ಯಾರೂ ಕುಡಿ ಅನ್ನಲಿಲ್ಲ.

"ನಿಮಗೇನು ಬೇಕು?" ರೀಮಾ ಮೆಲ್ಲಗೆ ಕೇಳಿದಳು.

"ಏನೂ ಬ್ಯಾಡ" ಅಂದೆ. ಅದೂ ಅವ್ವನ ಪಾಠವೇ.

"ಹಂಗಂದ್ರ ಇನ್ನೂ ದೊಡ್ಡದು ಏನೋ ಐತಿ ಅಂತಾರ. ಬಟ್ಟಲಾ ಯಾಕ ಕೆಳಗಿಟ್ರಿ? ಇಲ್ಲಿ ಹಂಗ ಇಟ್ರ ಏನೋ ಬೇಡಾಕ ಬಂದಾನ ಅಂತ ಅರ್ಥ. ಅದು ನಡೆಯೂತನಕ ಕಾಫಿ ಕುಡಿಯೂದಿಲ್ಲ ಅಂತ. ಅವ್ರು ಕೊಡಲಿಲ್ಲಂದ್ರ ಮನೆತನದ ಮರ್ಯಾದಿ ಹೋಗತೈತಿ. ಹೆಣ್ಣು ಕೇಳೂದು ಹಿಂಗ, ಕೊಲೆ ಮಾಫ್ ಮಾಡಸೂದು ಹಿಂಗ."

ಆ ಮನೆಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿದ್ದರೋ ಏನೋ. ಮಸ್ಕಿಯಲ್ಲಿ ನನ್ನ ಹೆಂಡತಿ ಇದ್ದಳು.

ಅಬು ನಾಸರ್ ಎದೆಯ ಮೇಲೆ ಕೈಯಿಟ್ಟರು. "ಕಾಫಿ ಕುಡಿ ಮಗನೇ. ಕೇಳಾಕ ಬಂದದ್ದು ಆತು ಅಂತ ತಿಳ್ಕೋ. ಏನದು?"

ಇದಕ್ಕಿಂತ ಒಳ್ಳೆಯ ಗಳಿಗೆ ಯಾರಿಗೂ ಸಿಗದು. ಒಂದೇ ಮಾತು, ತಮ್ಮನ ಜೊತೆ ಮಾತಾಡಿ, ಅಷ್ಟೇ. ಕೊಟ್ಟ ಮಾತು ತಪ್ಪುವವರಲ್ಲ ಅವರು. ರೀಮಾ ಕಣ್ಣಲ್ಲೇ ಅದನ್ನು ಹೇಳುತ್ತಿದ್ದಳು. ನಾನು ಬಾಯಿ ತೆರೆದೆ. ವಿಜ್ಞಾನ, ಪೆನಾಲ್ಟಿ, ಇಂಡಿಯಾ, ಎಲ್ಲ ಒಟ್ಟಿಗೆ ನುಗ್ಗಿ ಬಾಗಿಲಲ್ಲಿ ಸಿಕ್ಕಿಕೊಂಡವು. ಎದುರಿಗೆ ಕಪ್ಪಗೆ ಆ ಕಷಾಯ. ಬಾಯಿಂದ ಹೊರಟದ್ದು ಇಷ್ಟು:

"ಒಂದು ಚಮಚ ಸಕ್ಕರಿ."

ರೀಮಾ ಕಣ್ಣು ಮುಚ್ಚಿಕೊಂಡಳು. ಕಣ್ಣು ಮುಚ್ಚಿಕೊಂಡೇ ಅದನ್ನು ಅರಬ್ಬಿಯಲ್ಲಿ ಹೇಳಿದಳು.

ನೆರೆಯವರೊಬ್ಬರು ಕೆಮ್ಮಿದರು. ಅಬು ನಾಸರ್ ನನ್ನನ್ನೊಮ್ಮೆ ಬಟ್ಟಲನ್ನೊಮ್ಮೆ ನೋಡಿ, "ಸಕ್ಕರಿಗಾಗಿ ನನ್ನ ಕಾಫಿ ಕೆಳಗಿಟ್ಯಾ?" ಎಂದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ತಗೊಂಡು ಬಾ" ಎಂದರು.

"ಸಕ್ಕರಿ ಎಲ್ಲೈತಿ?" ಎಂದಳು ಉಮ್ ನಾಸರ್. "ನಿಮಗ ಸಕ್ಕರಿ ಕಾಯಿಲೆ ಅಂತ ಡಾಕ್ಟರ್ ಹೇಳಿದಾಗಿಂದ ಈ ಮನಿಗೆ ಸಕ್ಕರಿ ತಂದಿಲ್ಲ. ನೀವು ಸಂಜಿಮುಂದ ಕದ್ದು ಸಿಹಿ ಚಾ ಕುಡಿಯಾಕ ಎಲ್ಲಿಗೆ ಹೋಗತಿದ್ರಿ, ಅಲ್ಲೈತಿ ಸಕ್ಕರಿ."

ಎಲ್ಲರ ಕಣ್ಣೂ ಅಂಗಳದ ಕಡೆ ಹೋಯಿತು.

"ಹಂಗಾರ ಹೋಗಿ ಇಸ್ಕೊಂಡು ಬಾ."

"ನಾ ಯಾಕ ಹೋಗಲಿ? ಮಾತು ಕೊಟ್ಟಾವ್ರು ನೀವು."

ನಾನು ಅಷ್ಟರಲ್ಲಿ "ಬ್ಯಾಡ್ರಿ, ಹಂಗ ಕುಡೀತೀನಿ" ಎಂದು ಬಟ್ಟಲಿಗೆ ಕೈ ಹಾಕಿದೆ. ಉಮ್ ನಾಸರ್ ಬಂದು ಬಟ್ಟಲನ್ನು ನನ್ನ ಕೈಗೆಟುಕದ ಹಾಗೆ ಸರಿಸಿಟ್ಟಳು.

ಅಬು ನಾಸರ್ ಎದ್ದರು. ಚಪ್ಪಲಿ ಮೆಟ್ಟಲು ಬಹಳ ಹೊತ್ತು ತೆಗೆದುಕೊಂಡರು. ಅವರು ಅಂಗಳ ದಾಟುವುದನ್ನು ನಾವೆಲ್ಲ ಕಿಟಕಿಯಿಂದ ನೋಡಿದೆವು. ಕಿಟಕಿಯಿಂದ ನೋಡುವುದರಲ್ಲಿ ಅಲ್ಲಿದ್ದವರಲ್ಲಿ ನನಗೇ ಹೆಚ್ಚು ಅನುಭವ, ಒಳ್ಳೆಯ ಜಾಗ ಹಿಡಿದಿದ್ದೆ. ತಮ್ಮನ ಬಾಗಿಲು ತಟ್ಟಿದರು. ತಮ್ಮ ಬಾಗಿಲು ತೆರೆದು ಅಲ್ಲೇ ನಿಂತರು. ಅಣ್ಣ ಏನೋ ಹೇಳಿದರು. ತಮ್ಮನಿಗೆ ಅರ್ಥವಾಗಲಿಲ್ಲವೆಂದು ಕಾಣುತ್ತದೆ, ಅಣ್ಣ ನಮ್ಮ ಕಿಟಕಿಯ ಕಡೆ ಕೈ ತೋರಿಸಿ ಮತ್ತೆ ಹೇಳಿದರು. ತಮ್ಮ ಒಮ್ಮೆ ನನ್ನನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದರು. ಅಣ್ಣ ಸ್ವಲ್ಪ ಹೊತ್ತು ತಡೆದುಕೊಂಡರು. ಆಮೇಲೆ ಅವರ ಭುಜವೂ ಅಲ್ಲಾಡಿತು. ಒಳಗೆ ಹೋದರು.

ಸಕ್ಕರೆ ಬೇಗ ಬರಲಿಲ್ಲ. "ಸಿಹಿ ಚಾ ಕುಡಿಯಾಕತ್ತಾರ" ಎಂದು ಉಮ್ ನಾಸರ್ ಸೆರಗಿನಂಥ ತನ್ನ ಬಟ್ಟೆಯ ಅಂಚಿನಿಂದ ಮುಖ ಒರೆಸಿಕೊಂಡಳು. "ಇವತ್ತೊಂದಿನ ಕುಡೀಲಿ."

ಕೊನೆಗೆ ಇಬ್ಬರೂ ಬಂದರು. ಸಕ್ಕರೆ ಡಬ್ಬಿ ತಮ್ಮನ ಕೈಯಲ್ಲಿ. ತಮ್ಮ ಬಾಗಿಲ ಪಕ್ಕದ ತನ್ನ ಹಳೇ ಜಾಗದಲ್ಲಿ ಕೂತರು. ಶುಕ್ರವಾರದ ಮಾತು ಅಲ್ಲೇ ಶುರುವಾಯಿತು. ನಾನು ತಣ್ಣಗಾದ ಕಾಫಿಗೆ ಸಕ್ಕರೆ ಕಲಸಿ, ಎಲ್ಲರೂ ನೋಡುತ್ತಿದ್ದಂತೆ ಕುಡಿದೆ. ಮೊದಲಿಗಿಂತ ಕೆಟ್ಟದಾಗಿತ್ತು.

ಮತ್ತೆ ಮಸ್ಕಿ

ಯೂಸುಫನಿಗೆ ಹೆಣ್ಣು ಕೊಟ್ಟರು. ಹೆಣ್ಣಿನ ಮನೆಯಲ್ಲಿ ಅಬು ನಾಸರ್ ಬಟ್ಟಲು ಕೆಳಗಿಟ್ಟಾಗ ಆ ಕಡೆಯ ಹಿರಿಯರು "ಸಕ್ಕರಿ ಬೇಕೇನು?" ಎಂದು ಕೇಳಿದರಂತೆ. ಕಣಿವೆಯಲ್ಲಿ ನನ್ನ ಹೆಸರು ಅಲ್ಲಿಯ ತನಕ ಹೋಗಿತ್ತು. ಇದನ್ನು ರೀಮಾ ಫೋನಿನಲ್ಲಿ ತಿಳಿಸಿದಳು. ಅವ್ವನಿಗೆ ಹೇಳಿದರೆ, "ನಾ ಹೇಳಿದಂಗ ಕೆಳಗಿಟ್ಟಿದ್ದಕ್ಕ ಚಲೋ ಆತು ನೋಡು" ಎಂದಳು.

ಆ ಮೇಲೆ ಜೋರ್ಡಾನ್ ತಂಡ ಮೊದಲ ಸಲ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ಕಳೆದ ಡಿಸೆಂಬರಿನಲ್ಲಿ ಅರಬ್ ದೇಶಗಳ ಕಪ್ಪಿನ ಫೈನಲ್ಲಿಗೂ ಬಂತು. ಎದುರಿಗೆ ಮೊರಾಕೊ. ಗೆದ್ದೇ ಬಿಟ್ಟೆವು ಅನ್ನುವಾಗ ಮೊರಾಕೊದವರು ಸಮ ಮಾಡಿದರು, ಹೆಚ್ಚುವರಿ ಸಮಯದಲ್ಲಿ ಜೋರ್ಡಾನ್ ಸೋತಿತು. ಮರುದಿನ ಪೇಪರಿನಲ್ಲಿ ಎರಡು ಸಾಲು ಓದಿದೆ. ಓದಿ, ಸಿಂಧನೂರಿನ ಬಸ್ಸು ಬಿಟ್ಟು, ಮಸ್ಕಿ ಬಸ್ ಸ್ಟ್ಯಾಂಡಿನಲ್ಲೇ ನಿಂತುಕೊಂಡೆ. ನನಗೆ ತಂಡದ ಚಿಂತೆಯಿರಲಿಲ್ಲ. ಆ ಅಂಗಳದ ಚಿಂತೆ. ಈ ಸಲ ಯಾರ ಟಿವಿಯಲ್ಲಿ ನೋಡಿದರೋ, ಯಾರು ದಿಂಬು ಎತ್ತಿಕೊಂಡು ಹೋದರೋ.

ರೀಮಾಳಿಗೆ ಫೋನ್ ಮಾಡಿ ಕೇಳಿದೆ. ಅವಳು "ನೀವ ಕೇಳ್ರಿ" ಎಂದು, ಭಾನುವಾರ ಕಣಿವೆಗೆ ಹೋದಾಗ ವಿಡಿಯೊ ಕರೆ ಹಚ್ಚಿಕೊಟ್ಟಳು. ನಾನು ಅವತ್ತು ಲಿಂಗಸುಗೂರಿನಲ್ಲಿದ್ದೆ, ಕಟ್ಟೆಯ ಮೇಲೆ.

ಪರದೆಯ ಮೇಲೆ ಅಣ್ಣ ತಮ್ಮ ಇಬ್ಬರೂ ಒಂದೇ ದಿಂಬಿಗೆ ಒರಗಿ ಕೂತಿದ್ದರು. ಇಬ್ಬರ ಮುಖವೂ ಗಡುಸು.

"ಇಂಜಿನಿಯರ್" ಎಂದರು ಅಬು ನಾಸರ್. "ಫೈನಲ್ ದಿನ ನೀ ಎಲ್ಲಿದ್ದಿ? ಮ್ಯಾಚ್ ನೋಡಿದ್ಯಾ?"

"ಇಲ್ರೀ. ಮಲಗಿದ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾ ಹೇಳಲಿಲ್ಲೇನು?" ಎಂದರು ಅಣ್ಣ.

"ಹೌದಣ್ಣ, ನೀ ಹೇಳಿದ್ದ ಖರೆ" ಎಂದರು ತಮ್ಮ. "ಇವನಿಂದನ ಸೋತೀವಿ."

ಕಿಟಕಿಯ ಒಳಗಿನಿಂದ ಮಾವ ಇಣುಕಿ, "ಯಾರ್ರೀ ಅಳಿಯಂದ್ರ, ಏನಂತಾರ?" ಎಂದು ಕೇಳಿದರು.

"ಅವ್ರೂ ಫೈನಲ್ ಸೋತಾರಂತ್ರಿ ಮಾವ. ನನ್ನಿಂದ ಅಂತ."

ಮಾವ ಫೋನಿನೊಳಗಿದ್ದ ಇಬ್ಬರನ್ನೂ ಚೆನ್ನಾಗಿ ನೋಡಿದರು. ಭಾಷೆ ಗೊತ್ತಿಲ್ಲದಿದ್ದರೂ ಎದೆಯ ಮೇಲೆ ಕೈಯಿಟ್ಟರು. ಆ ಕಡೆಯಿಂದ ಅವರಿಬ್ಬರೂ ಇಟ್ಟರು.

ನಾನು ತಪ್ಪು ಒಪ್ಪಿಕೊಂಡೆ. ಲಿಂಗಸುಗೂರಿನಲ್ಲಿ ಒಪ್ಪಿಕೊಂಡು ರೂಢಿಯಿತ್ತು.